ರಕ್ತಕ್ಕೇರುವ ನಂಜು: ದೇಹದ ಪ್ರತಿಕ್ರಿಯೆ ತೋರುವ ಪರೀಕ್ಷೆಗಳು ಮತ್ತು ರೋಗಿಯೊಡನೆ ಸಾಗಬೇಕಾದ ಚೀಟಿ

(ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



"ನಂಜೇರಿತು" ಎಂಬ ಮಾತು ಬೀದರ್ ಸೀಮೆಗೆ ಹೊಸದಲ್ಲ. ಕಬ್ಬು ಕಡಿಯುವಾಗ ಕಾಲಿಗೆ ಕತ್ತಿ ತಗುಲಿ, ಗಾಯ ಕೆಟ್ಟು, ನಾಲ್ಕನೆಯ ದಿನ ಮೈ ನಡುಗಿ ಮನುಷ್ಯ ಬಡಬಡಿಸತೊಡಗಿದರೆ ಮನೆಯ ಹಿರಿಯರು ಆಡುವ ಮಾತು ಇದೇ. ಹೆರಿಗೆಯಾದ ಮೂರನೆಯ ದಿನ ಚಳಿಜ್ವರ ಬಂದು ಎಚ್ಚರ ತಪ್ಪಿದ ತಾಯಿಗೆ "ಬಾಣಂತಿ ಸನ್ನಿ" ಎನ್ನುತ್ತಿದ್ದರು. ಆ ಹೆಸರಿನ ಅಡಿಯಲ್ಲಿ ಬೇರೆ ಕಾಯಿಲೆಗಳೂ ಸೇರಿಕೊಳ್ಳುತ್ತಿದ್ದವು. ಆದರೆ ಅನೇಕ ಬಾರಿ ಒಳಗೆ ಇದ್ದುದು ನಂಜೇ. ವೈದ್ಯಶಾಸ್ತ್ರವು ಈ ಸ್ಥಿತಿಯನ್ನು ಸೆಪ್ಸಿಸ್ ಎಂದು ಕರೆಯುತ್ತದೆ.

ಸೆಪ್ಸಿಸ್ ಎಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇರುವುದು ಎಂದಷ್ಟೇ ಬಹುಕಾಲ ತಿಳಿಯಲಾಗಿತ್ತು. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ವ್ಯಾಖ್ಯೆ ಗಮನವನ್ನು ರೋಗಾಣುವಿನಿಂದ ದೇಹದ ಕಡೆಗೆ ತಿರುಗಿಸಿತು. ಸೋಂಕಿಗೆ ದೇಹವು ನೀಡುವ ಪ್ರತಿಕ್ರಿಯೆ ಹತೋಟಿ ತಪ್ಪಿ, ಅದರಿಂದ ಅಂಗಾಂಗಗಳು ಕೆಟ್ಟು ಜೀವಕ್ಕೆ ಅಪಾಯ ಒದಗುವ ಸ್ಥಿತಿಯೇ ಸೆಪ್ಸಿಸ್. ಒಂದೇ ಬಗೆಯ ರೋಗಾಣು ಇಬ್ಬರ ರಕ್ತಕ್ಕೆ ಸೇರಿದರೂ ಒಬ್ಬರು ವಾರದಲ್ಲಿ ಮನೆಗೆ ಮರಳಬಹುದು, ಇನ್ನೊಬ್ಬರು ಮರಳದೆ ಇರಬಹುದು. ವ್ಯತ್ಯಾಸದ ದೊಡ್ಡ ಪಾಲು ಎರಡು ಸಂಗತಿಗಳಲ್ಲಿದೆ: ದೇಹ ಹೇಗೆ ಉತ್ತರಿಸಿತು, ಚಿಕಿತ್ಸೆ ಎಷ್ಟು ಬೇಗ ಸಿಕ್ಕಿತು. ಮೊದಲನೆಯದನ್ನು ಅಳೆಯುವುದು ಆಸ್ಪತ್ರೆಯ ಕೆಲಸ. ಎರಡನೆಯದರಲ್ಲಿ ಗ್ರಾಮ ಪಂಚಾಯಿತಿಯ ಪಾತ್ರವಿದೆ, ಮತ್ತು ಈ ಎರಡನ್ನೂ ಜೋಡಿಸುವ ಒಂದು ಸಣ್ಣ ಕಾಗದವಿದೆ. ಈ ಉಪನ್ಯಾಸದ ವಿಷಯ ಆ ಕಾಗದವೇ.

ಸಮಸ್ಯೆಯ ಗಾತ್ರವನ್ನು ಮೊದಲು ಹೇಳಬೇಕು. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.89 ಕೋಟಿ ಜನರು ಸೆಪ್ಸಿಸ್‌ಗೆ ಒಳಗಾದರು, ಸುಮಾರು 1.1 ಕೋಟಿ ಜನರು ಮೃತಪಟ್ಟರು ಎಂದು 2020ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವು ಅಂದಾಜಿಸಿದೆ. ಆ ವರ್ಷದ ಒಟ್ಟು ಸಾವುಗಳಲ್ಲಿ ಇದು ಐದರಲ್ಲಿ ಒಂದು ಪಾಲು. ಆದರೂ ಗ್ರಾಮದ ಮರಣ ನೋಂದಣಿಯಲ್ಲಿ ಈ ಹೆಸರು ಅಪರೂಪ; "ಜ್ವರ", "ಸಕ್ಕರೆ ಕಾಯಿಲೆ", "ಕಿಡ್ನಿ ವೈಫಲ್ಯ" ಎಂಬ ಹೆಸರುಗಳ ಹಿಂದೆ ಅದು ಅಡಗಿರುತ್ತದೆ.

ದೇಹದೊಳಗೆ ನಡೆಯುವುದೇನು? ಕುಡಿಯುವ ನೀರಿನ ಯೋಜನೆಯನ್ನು ನಿರ್ವಹಿಸುವ ಸದಸ್ಯರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಮೇಲ್ತೊಟ್ಟಿಯಲ್ಲಿ ನೀರಿದೆ, ಮೋಟಾರು ಓಡುತ್ತಿದೆ. ಆದರೆ ಕೊಳವೆಗಳು ಅಲ್ಲಲ್ಲಿ ಸೋರಿ ಒತ್ತಡ ಕುಸಿದರೆ ಕೊನೆಯ ಓಣಿಯ ನಲ್ಲಿಗೆ ನೀರು ತಲುಪುವುದಿಲ್ಲ. ನಂಜೇರಿದಾಗ ರಕ್ತನಾಳಗಳು ಹಿಗ್ಗುತ್ತವೆ, ಅವುಗಳ ಗೋಡೆ ಸೋರತೊಡಗುತ್ತದೆ, ಒತ್ತಡ ಇಳಿಯುತ್ತದೆ. ಒತ್ತಡ ಕಾಯ್ದುಕೊಳ್ಳಲು ಹೃದಯವು ವೇಗವಾಗಿ ಬಡಿಯುತ್ತದೆ. ಆಗ ಕೊನೆಯ ಓಣಿಯ ಪಾಡು ಮೂತ್ರಪಿಂಡಕ್ಕೂ ಮೆದುಳಿಗೂ ಬರುತ್ತದೆ. ಮೂತ್ರ ಕಡಿಮೆಯಾಗುವುದು, ಮಾತು ತೊದಲುವುದು, ಏದುಸಿರು, ಕೈಕಾಲು ತಣ್ಣಗಾಗುವುದು ಇವೆಲ್ಲ ಆ ಒತ್ತಡ ಕುಸಿತದ ಲಕ್ಷಣಗಳು. ಕೊಳವೆಯ ಸೋರಿಕೆಯನ್ನು ಪಂಚಾಯಿತಿ ಮರುದಿನ ಸರಿಪಡಿಸಬಹುದು. ಇಲ್ಲಿ ಮರುದಿನ ಎಂಬುದು ಬಹಳ ತಡ. ಅಮೆರಿಕ ಮತ್ತು ಕೆನಡಾದ 2,731 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದ ಮೇಲೆ ಸರಿಯಾದ ಆಂಟಿಬಯೋಟಿಕ್ ನೀಡಲು ತಡವಾದ ಪ್ರತಿ ಗಂಟೆಗೆ ಬದುಕುಳಿಯುವ ಪ್ರಮಾಣ ಸರಾಸರಿ ಶೇ 7.6ರಷ್ಟು ಇಳಿಯಿತು.

ಈಗ ಪರೀಕ್ಷೆಗಳ ವಿಚಾರ. ಕೋವಿಡ್ ಕಾಲದಲ್ಲಿ "ಸಿಆರ್‌ಪಿ ಎಷ್ಟು ಬಂತು" ಎಂದು ಊರಿನ ಕಟ್ಟೆಯ ಮೇಲೆ ಕೇಳುವಷ್ಟು ಈ ಪದ ಪರಿಚಿತವಾಯಿತು. ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬುದು ಅದರ ಪೂರ್ಣ ಹೆಸರು. ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ದೇಹದಲ್ಲಿ ಉರಿಯೂತ ಎದ್ದಾಗ ಯಕೃತ್ತು ಇದನ್ನು ಉತ್ಪಾದಿಸುತ್ತದೆ; ಕೆಲವು ಗಂಟೆಗಳಲ್ಲಿ ಏರತೊಡಗಿ ಸುಮಾರು ಎರಡು ದಿನಗಳಲ್ಲಿ ತುದಿ ಮುಟ್ಟುತ್ತದೆ. ಆದರೆ ಸಿಆರ್‌ಪಿ ಏರಿದೆ ಎಂದ ಮಾತ್ರಕ್ಕೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆ ಎನ್ನಲಾಗದು. ಶಸ್ತ್ರಚಿಕಿತ್ಸೆ, ಪೆಟ್ಟು, ಸಂಧಿವಾತ ಎಲ್ಲದರಲ್ಲೂ ಅದು ಏರಬಹುದು.

ಪ್ರೊಕ್ಯಾಲ್ಸಿಟೋನಿನ್ ಎಂಬುದು ಇದಕ್ಕಿಂತ ಬ್ಯಾಕ್ಟೀರಿಯಾಕ್ಕೆ ಹತ್ತಿರವಾದ ಗುರುತು. ತೀವ್ರ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಇದು ಬಹಳ ಏರುತ್ತದೆ ಎಂಬುದನ್ನು 1993ರಲ್ಲಿ ಫ್ರಾನ್ಸಿನ ವೈದ್ಯರು ತೋರಿಸಿದರು. ಚಿಕಿತ್ಸೆ ಫಲಿಸುತ್ತಿದ್ದರೆ ಇದರ ಮಟ್ಟ ದಿನಕ್ಕೆ ಸುಮಾರು ಅರ್ಧದಂತೆ ಇಳಿಯುತ್ತದೆ. ಇದರ ಹೆಚ್ಚಿನ ಬೆಲೆ ಇರುವುದು ಈ ಇಳಿಕೆಯಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿ ತೀವ್ರ ನಿಗಾ ಘಟಕಗಳ 1,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷಾರ್ಥ ಅಧ್ಯಯನದಲ್ಲಿ, ಪ್ರೊಕ್ಯಾಲ್ಸಿಟೋನಿನ್ ತುದಿಯ ಮಟ್ಟದಿಂದ ಶೇ 80ರಷ್ಟು ಅಥವಾ 0.5ಕ್ಕಿಂತ ಕೆಳಕ್ಕೆ ಇಳಿದಾಗ ಆಂಟಿಬಯೋಟಿಕ್ ನಿಲ್ಲಿಸಲು ಒಂದು ಗುಂಪಿನ ವೈದ್ಯರಿಗೆ ಸಲಹೆ ನೀಡಲಾಯಿತು. ಆ ಗುಂಪಿನಲ್ಲಿ ಔಷಧದ ಅವಧಿ 7 ದಿನಗಳಿಂದ 5ಕ್ಕೆ ಇಳಿಯಿತು. 28 ದಿನಗಳೊಳಗಿನ ಸಾವು ಶೇ 25ರ ಬದಲು ಶೇ 20ರ ಸಮೀಪವಿತ್ತು. ಒಂದೇ ದಿನದ ಒಂದೇ ಅಂಕಿಯಿಂದ ಇಂತಹ ನಿರ್ಧಾರ ಸಾಧ್ಯವಿಲ್ಲ. ನಿನ್ನೆಯ ಅಂಕಿ ಪಕ್ಕದಲ್ಲಿ ಇರಲೇಬೇಕು.

ಪ್ರೊಕ್ಯಾಲ್ಸಿಟೋನಿನ್ ದುಬಾರಿ ಪರೀಕ್ಷೆ. ಆದರೆ ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲೇ ಆಗುವ ಸಾಮಾನ್ಯ ರಕ್ತಕಣ ಎಣಿಕೆ, ಜನರು ಸಿಬಿಸಿ ಎನ್ನುವ ಪರೀಕ್ಷೆ, ದೇಹದ ಪ್ರತಿಕ್ರಿಯೆಯ ಕುರಿತು ಬಹಳಷ್ಟು ಹೇಳುತ್ತದೆ. ಪ್ಲೇಟ್‌ಲೆಟ್ ಇಳಿದರೆ ಡೆಂಗಿ ಎಂದೇ ಜನರು ತೀರ್ಮಾನಿಸುತ್ತಾರೆ. ರಕ್ತದ ನಂಜಿನಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಬಿಳಿ ರಕ್ತಕಣಗಳು ಸಾಮಾನ್ಯವಾಗಿ 4,000ದಿಂದ 11,000ದವರೆಗೆ ಇರುತ್ತವೆ. ಸೋಂಕಿನಲ್ಲಿ ಏರುವುದು ನಿರೀಕ್ಷಿತ. ಆದರೆ 4,000ಕ್ಕಿಂತ ಕೆಳಕ್ಕೆ ಬಂದರೆ "ಕೌಂಟ್ ಕಡಿಮೆ, ಚಿಂತೆಯಿಲ್ಲ" ಎಂದು ಸಮಾಧಾನಪಡುವಂತಿಲ್ಲ. ಮುಂಚೂಣಿಯ ಪಡೆ ಮುಗಿದುಹೋಗುತ್ತಿದೆ ಎಂಬ ಅರ್ಥವೂ ಅದಕ್ಕಿರಬಹುದು.

ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬವು ತಕ್ಷಣ ಹೋರಾಡುವವು. ಲಿಂಫೋಸೈಟ್ ಎಂಬವು ಗುರಿಯಿಟ್ಟು, ನೆನಪಿಟ್ಟು ಹೋರಾಡುವವು. ಆರೋಗ್ಯವಂತರಲ್ಲಿ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಮಾನ್ಯವಾಗಿ 1ರಿಂದ 3ರ ನಡುವಿನ ಸಂಖ್ಯೆ ಬರುತ್ತದೆ. ವರದಿಯಲ್ಲಿ ನ್ಯೂಟ್ರೋಫಿಲ್ ಶೇ 88, ಲಿಂಫೋಸೈಟ್ ಶೇ 8 ಎಂದಿದ್ದರೆ ಅನುಪಾತ 11; ದೇಹವು ತೀವ್ರ ಒತ್ತಡದಲ್ಲಿದೆ ಎಂಬುದಕ್ಕೆ ಅದು ಸೂಚನೆ. ಅಮೆರಿಕದಲ್ಲಿ ರಕ್ತದ ಸೋಂಕಿನಿಂದ ಸೆಪ್ಸಿಸ್‌ಗೆ ಒಳಗಾದ 335 ವಯಸ್ಕರ ದಾಖಲೆಗಳನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿತು. ರೋಗ ಪತ್ತೆಯಾದ ನಾಲ್ಕನೆಯ ದಿನವೂ ಲಿಂಫೋಸೈಟ್ ಸಂಖ್ಯೆ ಮೇಲೇಳದೆ ಕೆಳಗೇ ಉಳಿದವರಲ್ಲಿ 28 ದಿನಗಳೊಳಗಿನ ಸಾವೂ, ಒಂದು ವರ್ಷದೊಳಗಿನ ಸಾವೂ ಹೆಚ್ಚಿದ್ದವು. ರೋಗಾಣುವಿನ ವಿರುದ್ಧ ಅತಿಯಾಗಿ ಕೆರಳಿದ ದೇಹವು ಬಳಿಕ ಬಳಲಿ ಹೊಸ ಸೋಂಕುಗಳಿಗೆ ಎಡೆಗೊಡುತ್ತದೆ. ಮಾನೋಸೈಟ್ ಕಣಗಳ ಮೇಲ್ಮೈಯ ಗುರುತುಗಳನ್ನು ಎಣಿಸಿ ಈ ಬಳಲಿಕೆಯನ್ನು ಅಳೆಯುವ ಪರೀಕ್ಷೆಗಳೂ ಇವೆ. ಅವು ಸಂಶೋಧನಾ ಕೇಂದ್ರಗಳ ಮಟ್ಟದವು, ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಅಂಕಿಗಳಿಂದ ರಸ್ತೆಗೆ ಬರೋಣ. ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಬಸವಕಲ್ಯಾಣ ತಾಲ್ಲೂಕಿನ ಗಡಿಭಾಗದ ಊರಿನಲ್ಲಿ ಸಕ್ಕರೆ ಕಾಯಿಲೆಯಿರುವ ಐವತ್ತು ವರ್ಷದ ರೈತನ ಪಾದದ ಗಾಯ ಕೆಟ್ಟಿದೆ. ಮೊದಲ ದಿನ ಊರಿನಲ್ಲೇ ಸೂಜಿ ಮಾಡಿಸಿಕೊಳ್ಳುತ್ತಾನೆ, ಸಲಾಯಿನ್ ಹಚ್ಚಿಸಿಕೊಳ್ಳುತ್ತಾನೆ. ಮೂರನೆಯ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಬಿಸಿ ಆಗುತ್ತದೆ. ಅಲ್ಲಿಂದ ಮುಂದಕ್ಕೆ ಕಳುಹಿಸುತ್ತಾರೆ. ಈಗ ದಾರಿಗಳು ಕವಲೊಡೆಯುತ್ತವೆ. ಬೀದರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಸುಮಾರು 80 ಕಿಲೋಮೀಟರ್ ದೂರ. ಹುಮನಾಬಾದಿನವರಿಗಾದರೆ ಬೀದರ್ ಸುಮಾರು 50, ಕಲಬುರಗಿ ಸುಮಾರು 60 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 65 ಎರಡೂ ತಾಲ್ಲೂಕುಗಳನ್ನು ಹಾದುಹೋಗುವುದರಿಂದ ಒಂದು ಮನೆಯವರು ಪಶ್ಚಿಮಕ್ಕೆ ಸೊಲ್ಲಾಪುರದ ದಾರಿ ಹಿಡಿದರೆ ಇನ್ನೊಂದು ಮನೆಯವರು ಪೂರ್ವಕ್ಕೆ ಹೈದರಾಬಾದಿನ ದಾರಿ ಹಿಡಿಯುತ್ತಾರೆ. ಬಂಧುಗಳಿರುವ ಊರು, ಹಿಂದೆ ವಾಸಿಯಾದ ನೆನಪು, ಸಾಲ ಸಿಗುವ ಕಡೆ ಇವು ದಾರಿಯನ್ನು ನಿರ್ಧರಿಸುತ್ತವೆ.

ಈ ಪ್ರಯಾಣದಲ್ಲಿ ಮೊದಲು ಕಳೆದುಹೋಗುವುದು ಕಾಗದ. ತಾಲ್ಲೂಕು ಆಸ್ಪತ್ರೆಯ ಸಿಬಿಸಿ ವರದಿ ಮನೆಯ ಗೂಡಿನಲ್ಲಿ ಉಳಿಯುತ್ತದೆ, ಅಥವಾ ಮೊದಲು ಬಂದ ವಾಹನದಲ್ಲಿ ಬಿಟ್ಟುಹೋಗುತ್ತದೆ. ದೊಡ್ಡ ಆಸ್ಪತ್ರೆಯ ವೈದ್ಯರಿಗೆ ರೋಗಿ ಅಂದೇ ಕಾಯಿಲೆ ಬಿದ್ದವನಂತೆ ಕಾಣುತ್ತಾನೆ. ಲಿಂಫೋಸೈಟ್ ಇಳಿಯುತ್ತಿದೆಯೋ ಏರುತ್ತಿದೆಯೋ, ಪ್ಲೇಟ್‌ಲೆಟ್ ಮೊನ್ನೆ ಎಷ್ಟಿತ್ತು, ಮೂತ್ರ ಯಾವಾಗ ನಿಂತಿತು, ಯಾವ ಔಷಧ ಈಗಾಗಲೇ ಒಳಗೆ ಹೋಗಿದೆ, ಒಂದಕ್ಕೂ ಉತ್ತರವಿಲ್ಲ. ನಾಲ್ಕನೆಯ ದಿನದ ಅಂಕಿಯನ್ನು ಮೊದಲನೆಯ ದಿನದ ಅಂಕಿ ಎಂದು ಓದಿದರೆ ವಿಜ್ಞಾನ ಎಷ್ಟೇ ಮುಂದುವರಿದಿದ್ದರೂ ರೋಗಿಗೆ ಅದರ ಪೂರ್ಣ ಪ್ರಯೋಜನ ಸಿಗುವುದಿಲ್ಲ.

ಮೊದಲ ದಿನದ ಆ ಸೂಜಿಯ ವಿಚಾರವನ್ನು ನಿಷ್ಠುರವಾಗಿ ಹೇಳಬೇಕಾಗುತ್ತದೆ. ಅರ್ಹತೆಯಿಲ್ಲದವರು ಹಲವೆಡೆ ಸ್ಟೀರಾಯ್ಡ್, ನೋವುನಿವಾರಕ ಮತ್ತು ಆಂಟಿಬಯೋಟಿಕ್‌ಗಳನ್ನು ಒಟ್ಟಿಗೆ ನೀಡುವುದುಂಟು. ಸಂಜೆಗೆ ಜ್ವರ ಇಳಿಯುತ್ತದೆ, ರೋಗಿ ಎದ್ದು ಕೂರುತ್ತಾನೆ, ಕೈಗುಣದ ಹೆಸರು ಊರಲ್ಲಿ ಹಬ್ಬುತ್ತದೆ. ಆದರೆ ಸ್ಟೀರಾಯ್ಡ್ ತಾನಾಗಿಯೇ ನ್ಯೂಟ್ರೋಫಿಲ್ ಏರಿಸುತ್ತದೆ, ಲಿಂಫೋಸೈಟ್ ಇಳಿಸುತ್ತದೆ, ಸಕ್ಕರೆ ಹೆಚ್ಚಿಸುತ್ತದೆ; ಮರುದಿನದ ರಕ್ತ ವರದಿಯನ್ನು ಓದುವವರು ದಾರಿ ತಪ್ಪುತ್ತಾರೆ. ಅರೆಬರೆ ಆಂಟಿಬಯೋಟಿಕ್ ಇನ್ನೊಂದು ನಷ್ಟ ಮಾಡುತ್ತದೆ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಸಾಯುತ್ತದೆ ಎಂದು ತಿಳಿಸುವ ಬ್ಲಡ್ ಕಲ್ಚರ್ ಪರೀಕ್ಷೆಗೆ ಔಷಧಕ್ಕೆ ಮುಂಚೆಯೇ ರಕ್ತ ತೆಗೆಯಬೇಕು. ಉತ್ತರ ಅಮೆರಿಕದ ಆಸ್ಪತ್ರೆಗಳಲ್ಲಿ ಒಂದೇ ರೋಗಿಗಳಿಂದ ಔಷಧಕ್ಕೆ ಮುಂಚೆ ಮತ್ತು ನಂತರ ರಕ್ತ ತೆಗೆದು ಹೋಲಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಂಚಿನ ಮಾದರಿಗಳಲ್ಲಿ ಶೇ 31.4ರಷ್ಟರಲ್ಲಿ ರೋಗಾಣು ಸಿಕ್ಕಿತು. ನಂತರದವುಗಳಲ್ಲಿ ಶೇ 19.4ರಷ್ಟರಲ್ಲಿ ಮಾತ್ರ. ಹಾಗೆಂದು ಆಸ್ಪತ್ರೆಯಲ್ಲಿ ಕಲ್ಚರ್‌ಗಾಗಿ ಔಷಧವನ್ನು ತಡಮಾಡಬೇಕು ಎಂದಲ್ಲ. ಊರಿನಲ್ಲಿ ಏನು ಕೊಟ್ಟರು ಎಂಬುದು ಬರವಣಿಗೆಯಲ್ಲಿ ಇರಬೇಕು. ಖಾಲಿ ಔಷಧದ ಸೀಸೆಯನ್ನಾದರೂ ರೋಗಿಯ ಜೊತೆಗೆ ಕಳುಹಿಸಬೇಕು.

ಗ್ರಾಮಮಟ್ಟದಲ್ಲಿ ಇಷ್ಟೆಲ್ಲ ಸಾಧ್ಯವೇ ಎಂದು ಕೆಲವು ಸದಸ್ಯರಿಗೆ ಅನಿಸಬಹುದು. ನೆರೆಯ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯು ಬೀದರಿಗಿಂತ ದುರ್ಗಮವಾದುದು. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ಸರ್ಚ್ ಸಂಸ್ಥೆಯು 39 ಹಳ್ಳಿಗಳ ಮಹಿಳೆಯರಿಗೆ ನವಜಾತ ಶಿಶುವಿನ ಆರೈಕೆಯನ್ನೂ, ಸೆಪ್ಸಿಸ್ ಲಕ್ಷಣಗಳನ್ನು ಗುರುತಿಸಿ ಔಷಧ ನೀಡುವುದನ್ನೂ ಕಲಿಸಿತು. ರಕ್ತ ಪರೀಕ್ಷೆಯ ಯಂತ್ರವಿರಲಿಲ್ಲ; ಉಸಿರನ್ನು ಎಣಿಸುವುದು, ಮಗು ಹಾಲು ಕುಡಿಯುವುದನ್ನು ನಿಲ್ಲಿಸಿತೇ ಎಂದು ನೋಡುವುದು, ಬರೆದಿಡುವುದು ಇಷ್ಟೇ ಸಾಧನ. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೆಪ್ಸಿಸ್ ತಗುಲಿದ ಶಿಶುಗಳಲ್ಲಿ ಸಾಯುವವರ ಪ್ರಮಾಣ ಶೇ 16.6ರಿಂದ ಶೇ 2.8ಕ್ಕೆ ಇಳಿಯಿತು. ಇಂದು ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ನೀಡುವ ಕ್ರಮಕ್ಕೆ ಈ ಅನುಭವವೂ ಒಂದು ತಳಹದಿ. ಶಿಶುವಿನಲ್ಲಿ ಜ್ವರವೇ ಬರಬೇಕೆಂದಿಲ್ಲ. ಮೈ ತಣ್ಣಗಾಗುವುದು, ಮೊಲೆ ಹಿಡಿಯದಿರುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಎದೆಗೂಡು ಒಳಕ್ಕೆ ಸೆಳೆಯುವುದು ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಒಯ್ಯಬೇಕು.

ಬಾಣಂತಿಯರ ವಿಚಾರದಲ್ಲಿ ಕರ್ನಾಟಕದ್ದೇ ಆದ ಒಂದು ಸಾಕ್ಷ್ಯವಿದೆ. ಏಳು ದೇಶಗಳ 29,278 ಗರ್ಭಿಣಿಯರನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಳಗಾವಿಯೂ ಒಂದು ಕೇಂದ್ರವಾಗಿತ್ತು. ಹೆರಿಗೆ ನೋವಿನ ಸಮಯದಲ್ಲಿ ಒಮ್ಮೆ 2 ಗ್ರಾಂ ಅಜಿಥ್ರೊಮೈಸಿನ್ ನುಂಗಿದವರಲ್ಲಿ ತಾಯಿಯ ಸೆಪ್ಸಿಸ್ ಅಥವಾ ಸಾವು ಶೇ 1.6, ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ಶೇ 2.4. ಶಿಶುಗಳ ಸೆಪ್ಸಿಸ್ ಇದರಿಂದ ಕಡಿಮೆಯಾಗಲಿಲ್ಲ. ಇದನ್ನು ಕೊಡುವ ತೀರ್ಮಾನ ವೈದ್ಯರದು. ಮಾತ್ರೆಯನ್ನು ಯಾರೂ ಸ್ವತಃ ಕೊಂಡು ನುಂಗಿಸಬಾರದು.

ಹಾಗಾದರೆ ಚೀಟಿಯಲ್ಲಿ ಏನಿರಬೇಕು? ಅರ್ಧ ಹಾಳೆ ಸಾಕು. ರೋಗಿಯ ವಯಸ್ಸು, ಗಾಯ, ಹೆರಿಗೆ, ಗರ್ಭಪಾತ, ಮೂತ್ರದ ಉರಿ, ಕೆಮ್ಮು ಇವುಗಳಲ್ಲಿ ಯಾವುದರಿಂದ ಆರಂಭವಾಯಿತು, ಯಾವ ದಿನ, ಸಕ್ಕರೆ ಕಾಯಿಲೆ ಇದೆಯೇ. ಬಳಿಕ ಮೊದಲ ಅಳತೆ ಮತ್ತು ಅದರ ಗಂಟೆ: ಜ್ವರ, ನಾಡಿ, ನಿಮಿಷದ ಉಸಿರು, ರಕ್ತದೊತ್ತಡ, ಕೊನೆಯ ಬಾರಿ ಮೂತ್ರ ಹೋದದ್ದು ಯಾವಾಗ, ಹೆಸರು ಕೇಳಿದರೆ ಸರಿಯಾಗಿ ಉತ್ತರಿಸುತ್ತಾರೆಯೇ. ವಯಸ್ಕರಲ್ಲಿ ಉಸಿರು ನಿಮಿಷಕ್ಕೆ 22 ಅಥವಾ ಹೆಚ್ಚು, ರಕ್ತದೊತ್ತಡದ ಮೇಲಿನ ಅಂಕಿ 100 ಅಥವಾ ಕಡಿಮೆ, ಗೊಂದಲದ ಮಾತು ಈ ಮೂರರಲ್ಲಿ ಎರಡು ಕಂಡರೆ ಅಪಾಯ ಹೆಚ್ಚು. ಆದರೆ ಈ ಮೂರನ್ನಷ್ಟೇ ನೆಚ್ಚಿಕೊಳ್ಳಬಾರದು ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಎರಡು ಕಾಣುವವರೆಗೆ ಕಾಯುವ ಪ್ರಶ್ನೆಯಿಲ್ಲ. ಬಾಣಂತಿ, ಶಿಶು, ವೃದ್ಧರು ಮತ್ತು ಸಕ್ಕರೆ ಕಾಯಿಲೆಯವರ ವಿಷಯದಲ್ಲಂತೂ 108ಕ್ಕೆ ಕರೆ ಮಾಡಿದ ಮೇಲೆಯೇ ಚೀಟಿ ಬರೆಯುವುದು. ಕೊನೆಯ ಸಾಲಿನಲ್ಲಿ ಈಗಾಗಲೇ ನೀಡಿದ ಔಷಧ, ನೀಡಿದ ಗಂಟೆ. ತಾಲ್ಲೂಕು ಆಸ್ಪತ್ರೆಯ ಸಿಬಿಸಿ ವರದಿಯನ್ನು ಅದರ ಹಿಂದೆಯೇ ಪಿನ್ ಮಾಡಬೇಕು.

ಅಂಕಿಗಳನ್ನು ಕನ್ನಡ ಲಿಪಿಯ ಅಂಕಿಗಳಲ್ಲಿ ಬರೆಯದೆ 1, 2, 3 ಎಂದೇ ಬರೆಯುವುದು ಒಳ್ಳೆಯದು. ಚೀಟಿಯ ಶೀರ್ಷಿಕೆಗಳು ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೂ ಇರಬೇಕು. ಸೊಲ್ಲಾಪುರದ ಮರಾಠಿ ಬಲ್ಲ ದಾದಿಗೂ ಹೈದರಾಬಾದಿನ ತೆಲುಗು ಬಲ್ಲ ವೈದ್ಯರಿಗೂ ಅದು ಅರ್ಥವಾಗಬೇಕು. ಬರೆಯುವ ಭಾರವನ್ನೆಲ್ಲ ಆಶಾ ಕಾರ್ಯಕರ್ತೆಯರ ಮೇಲೆ ಹೊರಿಸುವುದು ನ್ಯಾಯವಲ್ಲ. ಅವರ ಕೈಯಲ್ಲಿ ಈಗಲೇ ಸಾಕಷ್ಟು ವಹಿಗಳಿವೆ. ಉಪಕೇಂದ್ರದ ಸಿಬ್ಬಂದಿ, ಓದುಬರಹ ಬಲ್ಲ ಸ್ವಸಹಾಯ ಸಂಘದ ಸದಸ್ಯೆ, ವಾರ್ಡಿನ ಸದಸ್ಯರು ಇವರಲ್ಲಿ ಯಾರಾದರೂ ಬರೆಯಬಹುದು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸುವುದನ್ನು ಅರ್ಧ ಗಂಟೆಯಲ್ಲಿ ಕಲಿಸಬಹುದು.

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಆರೋಗ್ಯ ಮತ್ತು ನೈರ್ಮಲ್ಯವೂ ಒಂದಾಗಿದೆ. ಚೀಟಿಯ ಮುದ್ರಣಕ್ಕೆ ಬೇಕಾದ ಮೊತ್ತ ಬೀದಿದೀಪಗಳ ಒಂದು ತಿಂಗಳ ದುರಸ್ತಿಗಿಂತ ಹೆಚ್ಚಾಗಲಾರದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ವಿಷಯವನ್ನು ಮಂಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರಿಂದ ನಮೂನೆಗೆ ಒಪ್ಪಿಗೆ ಪಡೆದು, ಸಾಮಾನ್ಯ ಸಭೆಯಲ್ಲಿ ಠರಾವು ಮಾಡಬಹುದು. ಚೀಟಿ ಎರಡು ಪ್ರತಿಗಳಲ್ಲಿರಲಿ: ಒಂದು ರೋಗಿಯೊಡನೆ, ಇನ್ನೊಂದು ಉಪಕೇಂದ್ರದಲ್ಲಿ. ಮನೆಯವರೊಬ್ಬರ ಮೊಬೈಲಿನಲ್ಲಿ ಅದರ ಫೋಟೋ ಇರಲಿ. ರೋಗಿಯ ಹೆಸರು, ಕಾಯಿಲೆಗಳನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಮಾಸಿಕ ಸಭೆಯಲ್ಲಿ ಹೆಸರು ಹೇಳದೆ ಮೂರು ಸಂಖ್ಯೆಗಳನ್ನು ಓದಿದರೆ ಸಾಕು: ಆ ತಿಂಗಳು ಎಷ್ಟು ಚೀಟಿ ಹೋದವು, ಮೊದಲ ಲಕ್ಷಣದಿಂದ ಆಸ್ಪತ್ರೆಯ ಬಾಗಿಲಿಗೆ ಎಷ್ಟು ಗಂಟೆ ಹಿಡಿಯಿತು, ಎಷ್ಟು ಜನರು ಮನೆಗೆ ಮರಳಿದರು.